ತೆಂಗಿನಕಾಯಿ ತೇಲಿ ಹೋಯಿತು ಸರಿ, ಅದರ ಬೇರಿನ ಅಣಬೆ ಹೇಗೆ ಹೋಯಿತು?

ಟಗ್ಗಿನವ, ವಾಸ್ಕೊ:

ಎಲ್ಲರಿಗೂ ನಮಸ್ಕಾರ. ನಾನು ಗಿಡದ ವಿಷಯ ಓದಿದವನಲ್ಲ. ಮುರಗಾಂವ್ ಬಂದರಿನ ಟಗ್‌ನಲ್ಲಿ 26 ವರ್ಷದಿಂದ ಕೆಲಸ. ದೊಡ್ಡ ಹಡಗನ್ನು ದೂಡಿ, ಎಳೆದು, ಜೆಟ್ಟಿಗೆ ತಂದು ನಿಲ್ಲಿಸುವುದು. ಅಪ್ಪನ ಊರು ಮಲ್ಪೆ, ಅಮ್ಮನದು ಕಾರ್ಕಳದ ಹತ್ತಿರ, ಈಗ ಮನೆ ಬೈನಾದಲ್ಲಿ. ಪ್ರಶ್ನೆ ಉದ್ದ ಉಂಟು, ಬೇಜಾರು ಮಾಡಬೇಡಿ.

ಮೇ ತಿಂಗಳಲ್ಲಿ ಕಾರ್ಕಳಕ್ಕೆ ಹೋಗಿದ್ದೆ. ಭಾವ ಕಾಳುಮೆಣಸಿನ ಬಳ್ಳಿ ನೆಡಲು ಗುಂಡಿ ತೆಗೆಸಿದ್ದರು. ಒಂದೊಂದು ಗುಂಡಿಗೂ ಚಮಚದಲ್ಲಿ ಬೂದಿಯಂಥ ಪುಡಿ ಹಾಕುತ್ತಿದ್ದರು. "ಎಂತ ಭಾವ ಇದು?" ಅಂದೆ. "ವ್ಯಾಮ್" ಅಂದರು. ಬೇರಿನ ಒಳಗೆ ಸೇರಿಕೊಳ್ಳುವ ಒಂದು ಜಾತಿಯ ಅಣಬೆಯಂತೆ. ಅದರ ನೂಲು ಬೇರು ಮುಟ್ಟದ ಜಾಗಕ್ಕೂ ಹೋಗಿ ಫಾಸ್ಫರಸ್ ಎಳೆದು ತಂದು ಗಿಡಕ್ಕೆ ಕೊಡುತ್ತದೆ, ಬದಲಿಗೆ ಗಿಡ ಸಕ್ಕರೆ ಕೊಡುತ್ತದೆ. ಇಷ್ಟು ಹೇಳಿ ಭಾವ ಇನ್ನೊಂದು ಮಾತು ಸೇರಿಸಿದರು. "ಇದು ಜೀವ ಇರುವ ಬೇರಿಲ್ಲದೆ ಬೆಳೆಯುವುದೇ ಇಲ್ಲ. ಪುಡಿ ಮಾಡುವವರು ಕೂಡ ಗಿಡದ ಬೇರಿನಲ್ಲೇ ಬೆಳೆಸಬೇಕು."

ಅಲ್ಲಿಗೆ ಮುಗಿದಿತ್ತು. ಆದರೆ ವಾಪಸು ಬಂದು ರಾತ್ರಿ ಡ್ಯೂಟಿಯಲ್ಲಿದ್ದಾಗ ಟಗ್ ಪಕ್ಕದಲ್ಲಿ ಒಂದು ತೆಂಗಿನಕಾಯಿ ತೇಲುತ್ತಾ ಬಂತು. ಮೊಳಕೆ ಬೇರೆ ಒಡೆದಿತ್ತು. ಇದನ್ನು ಎಷ್ಟೋ ಸಲ ನೋಡಿದ್ದೇನೆ. ಆವತ್ತು ಮಾತ್ರ ತಲೆಗೆ ಹುಳ ಹೊಕ್ಕಿತು. ಇದು ಹೀಗೇ ತೇಲಿ ಸಾವಿರ ಮೈಲಿ ಆಚೆ ಯಾವುದೋ ಮರಳಿನ ದ್ವೀಪಕ್ಕೆ ಹತ್ತಿತು ಅಂತಿಟ್ಟುಕೊಳ್ಳಿ. ಕಾಯಿ ಹೋಯಿತು. ಅಣಬೆ ಹೇಗೆ ಹೋಗುತ್ತದೆ? ಸಿಪ್ಪೆಗೆ ಮಣ್ಣು ಅಂಟಿಲ್ಲ, ಬೇರು ಇನ್ನೂ ಬಂದಿಲ್ಲ, ಸುತ್ತ ಉಪ್ಪುನೀರು. ದ್ವೀಪದಲ್ಲಿ ಮೊದಲು ಬಂದವರು ಯಾರು, ಮರವೋ ಅಣಬೆಯೋ? ಎರಡಕ್ಕೂ ಇನ್ನೊಂದು ಬೇಕು ಅಂದರೆ ಕತೆ ಶುರುವಾಗುವುದೇ ಹೇಗೆ ಮಾರಾಯ್ರೆ?

ಸುಮ್ನೆ ಕೂರಲಿಲ್ಲ, ಒಂದು ಪರೀಕ್ಷೆಯನ್ನೂ ಮಾಡಿದೆ. ಬೀಚಿನ ಮರಳು ತಂದು ಏಳೆಂಟು ಸಲ ತೊಳೆದು, ಕಡಲೆಕಾಯಿ ಹುರಿಯುವ ಬಾಣಲೆಯಲ್ಲಿ ಚೆನ್ನಾಗಿ ಹುರಿದೆ. ಎರಡು ಕುಂಡಕ್ಕೆ ಹಾಕಿ ಎರಡರಲ್ಲೂ ಮೆಣಸಿನಕಾಯಿ ಸಸಿ ನೆಟ್ಟೆ. ಒಂದಕ್ಕೆ ಮಾತ್ರ ಹಿತ್ತಲಿನ ತೆಂಗಿನಮರದ ಬುಡದ ಮಣ್ಣು ಒಂದು ಮುಷ್ಟಿ. ಅದೇ ನೀರು, ಅದೇ ಬಿಸಿಲು. ಆರು ವಾರ ಆಯಿತು. ಮಣ್ಣು ಹಾಕಿದ್ದು ಗೇಣುದ್ದ ಎದ್ದಿದೆ. ಇನ್ನೊಂದು ಬೆರಳುದ್ದಕ್ಕೆ ನಿಂತಿದೆ, ಕೆಳಗಿನ ಎಲೆ ನೇರಳೆ ಬಣ್ಣಕ್ಕೆ ತಿರುಗಿದೆ. ಅಂದರೆ ಅಣಬೆ ಇಲ್ಲದೆ ಆಗುವುದಿಲ್ಲ ಅಂತ ಸಾಬೀತಾದ ಹಾಗೆ ಅಲ್ವಾ? ಬಾಣಲೆಯ ವಿಷಯ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ, ಅದು ಬೇರೆ.

ತಿಳಿದವರು ಹೇಳಿ.


ಡೊಂಬಿವಲಿ ಬಾಲ್ಕನಿ:

ಅಣ್ಣಾ, ಇಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಾ? ಗಾಳಿ ಇದೆಯಲ್ಲ. ಅಣಬೆಯ ಬೀಜ ಅಂದರೆ ಧೂಳು. ಬ್ರೆಡ್ ಎರಡು ದಿನ ಹೊರಗಿಟ್ಟರೆ ಬೂಷ್ಟು ಬರುತ್ತದೆ, ಅದನ್ನು ಯಾರು ತಂದು ಹಾಕಿದರು? 1934ರಲ್ಲೇ ಬಾಸ್ ಬೆಕಿಂಗ್ ಅನ್ನುವ ಡಚ್ ವಿಜ್ಞಾನಿ ಹೇಳಿಬಿಟ್ಟಿದ್ದಾನೆ, ಸೂಕ್ಷ್ಮಜೀವಿಗಳ ಮಟ್ಟಿಗೆ ಎಲ್ಲವೂ ಎಲ್ಲ ಕಡೆ ಇದೆ, ಯಾವುದು ಬದುಕಬೇಕು ಅಂತ ಆರಿಸುವುದು ಆ ಜಾಗದ ಪರಿಸರ, ಅಂತ.

ನಾನು ಬಾಲ್ಕನಿಯಲ್ಲಿ ಆರ್ಕಿಡ್ ಬೆಳೆಸುತ್ತೇನೆ. ಅದರ ಬೀಜವೂ ಧೂಳೇ, ಊದಿದರೆ ಹಾರುತ್ತದೆ. ಒಳಗೆ ಗಿಡಕ್ಕೆ ತಿಂಡಿಯೇ ಇಲ್ಲ, ಅಣಬೆ ಬಂದು ತಿನ್ನಿಸಿದರೆ ಮಾತ್ರ ಮೊಳಕೆ. 1899ರಲ್ಲಿ ನೊಯೆಲ್ ಬರ್ನಾರ್ ಅನ್ನುವ ಫ್ರೆಂಚ್ ಹುಡುಗ ಕಂಡುಹಿಡಿದದ್ದು ಇದು. ಇಷ್ಟು ನಾಜೂಕಿನ ಗಿಡವೂ ಕ್ರಾಕಟೋವಾ ದ್ವೀಪಕ್ಕೆ ಹೋಗಿ ಸೇರಿದೆ. 1883ರಲ್ಲಿ ಜ್ವಾಲಾಮುಖಿ ಸಿಡಿದು ಎಲ್ಲ ಬೂದಿಯಾದ ದ್ವೀಪ. ಕೆಲವೇ ದಶಕದಲ್ಲಿ ಅಲ್ಲಿ ಆರ್ಕಿಡ್! ಗಾಳಿ ಬೀಜವನ್ನೂ ತಂತು, ಅಣಬೆಯನ್ನೂ ತಂತು. ಮುಗೀತು.

ಅಂದ ಹಾಗೆ ಆ ವ್ಯಾಮ್ ಪುಡಿಯನ್ನು ನಾನೂ ಒಂದು ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ತಂದೆ. "ಆರ್ಕಿಡ್‌ಗೆ ಫಸ್ಟ್ ಕ್ಲಾಸ್" ಅಂದ. ಏನೂ ಆಗಲಿಲ್ಲ.


ಕೊತ್ರೂಡ್ ಟೀಚರ್, ಪುಣೆ:

ಡೊಂಬಿವಲಿಯವರೆ, ನಿಮ್ಮ 350 ರೂಪಾಯಿ ಯಾಕೆ ಹೋಯಿತು ಅನ್ನುವುದರಲ್ಲೇ ಟಗ್ಗಿನವರ ಪ್ರಶ್ನೆಗೆ ಅರ್ಧ ಉತ್ತರ ಇದೆ ನೋಡ್ರಿ.

ನಾನು ಧಾರವಾಡದವಳು, ಪುಣೆಯಲ್ಲಿ 30 ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದೆ. ಮೊದಲ ದಿನ ಹುಡುಗರಿಗೆ ಹೇಳುತ್ತಿದ್ದದ್ದು ಒಂದೇ. ಬೇರಿನ ಅಣಬೆ ಅಂದರೆ ಒಂದು ಜಾತಿ ಅಲ್ಲ, ಒಂದು ಕಸುಬು. ಬೇರೆ ಬೇರೆ ಮನೆತನದವರು ಆ ಕಸುಬು ಹಿಡಿದಿದ್ದಾರೆ. ಆರ್ಕಿಡ್‌ನ ಜೊತೆಗಾರರದ್ದು ಒಂದು ಮನೆತನ. ಅವುಗಳಲ್ಲಿ ಸುಮಾರು ಅಣಬೆಗಳು ಕೊಳೆತ ಎಲೆ, ಕಟ್ಟಿಗೆ ತಿಂದು ಗಿಡದ ಹಂಗಿಲ್ಲದೆಯೂ ಬದುಕಬಲ್ಲವು. ಪೈನ್, ಧೂಪದ ಮರ ಇವುಗಳ ಬೇರನ್ನು ಹೊರಗಿನಿಂದ ಕಾಲುಚೀಲದ ಹಾಗೆ ಮುಚ್ಚುವವರದ್ದು ಇನ್ನೊಂದು. ಇವು ನೆಲದ ಮೇಲೆ ಛತ್ರಿ ಅಣಬೆ ಎಬ್ಬಿಸುತ್ತವೆ, ಸ್ಪೋರು, ಅಂದರೆ ನೀವು ಹೇಳಿದ ಅಣಬೆಯ ಬೀಜ, ಗಾಳಿಗೆ ಬಿಡುತ್ತವೆ. ಮೂರನೆಯದು ವ್ಯಾಮ್. ತೆಂಗು, ಅಡಿಕೆ, ಮೆಣಸು, ಭತ್ತ, ಜೋಳ, ಹೀಗೆ ಭೂಮಿಯ ಮುಕ್ಕಾಲು ಪಾಲು ಗಿಡಗಳ ಬೇರೊಳಗೆ ಇರುವುದು ಇದೇ. ಇದು ಛತ್ರಿ ಎಬ್ಬಿಸುವುದೇ ಇಲ್ಲ. ಸ್ಪೋರು ಮಣ್ಣಿನ ಒಳಗೇ ಹುಟ್ಟಿ ಒಳಗೇ ಉಳಿಯುತ್ತದೆ. ಅದೂ ಧೂಳಲ್ಲ. ಸಾಮಾನ್ಯ ಅಣಬೆಯ ಸ್ಪೋರು ಮಿಲಿಮೀಟರಿನ ನೂರನೇ ಒಂದು ಪಾಲು ಇದ್ದರೆ, ಇದರಲ್ಲಿ ದೊಡ್ಡವು ಅರ್ಧ ಮಿಲಿಮೀಟರ್ ಹತ್ತಿರ ಬರುತ್ತವೆ. ಗಸಗಸೆ ಕಾಳಿನ ಅರ್ಧ ಅನ್ನಿ. ಮಣ್ಣು ಸಮೇತ ಬಿರುಗಾಳಿ ಎತ್ತಿಕೊಂಡು ಹೋದರೆ ಸ್ವಲ್ಪ ದೂರ ಹೋದೀತು. ಬ್ರೆಡ್ಡಿನ ಬೂಷ್ಟಿನ ಹಾಗೆ ತಾನಾಗಿ ಊರೂರು ತಿರುಗುವ ಗಿರಾಕಿ ಅಲ್ಲ.

ಈಗ ಟಗ್ಗಿನವರ ಪ್ರಶ್ನೆ. ಮರ ಮೊದಲೋ ಅಣಬೆ ಮೊದಲೋ? ತಮ್ಮಾ, ಎರಡೂ ಅಲ್ಲ. ಅಣಬೆ ಬೇಡದ ಗಿಡ ಮೊದಲು.

ಐಸ್‌ಲ್ಯಾಂಡ್ ಪಕ್ಕ 1963ರ ನವೆಂಬರಿನಲ್ಲಿ ಸಮುದ್ರದ ತಳದಿಂದ ಜ್ವಾಲಾಮುಖಿ ಎದ್ದು ಸುರ್ತ್‌ಸೇ ಅನ್ನುವ ಹೊಸ ದ್ವೀಪ ಆಯಿತು. 1967ರವರೆಗೂ ಅದು ಬೆಂಕಿ ಉಗುಳುತ್ತಲೇ ಇತ್ತು. ವಿಜ್ಞಾನಿಗಳು ಮೊದಲ ದಿನದಿಂದ ಕಾವಲು ಕೂತು ಯಾವ ಗಿಡ ಯಾವಾಗ ಬಂತು ಅಂತ ಬರೆದಿಟ್ಟಿದ್ದಾರೆ. 1965ರಲ್ಲಿ ಮೊದಲು ಕಂಡ ಹೂಗಿಡ ಸಾಸಿವೆ ಕುಟುಂಬದ್ದು, ಕಡಲ ದಂಡೆಯಲ್ಲಿ ಬೆಳೆಯುವಂಥದ್ದು. ಸಾಸಿವೆ, ಮೂಲಂಗಿ, ಕೋಸು, ಈ ಇಡೀ ಕುಟುಂಬವೇ ಬೇರಿನ ಅಣಬೆಯ ಸಹವಾಸ ಬಿಟ್ಟದ್ದು. ಆಮೇಲೆ ಅಲ್ಲಿ ಚೆನ್ನಾಗಿ ಹರಡಿದ ಇನ್ನೊಂದು ದಂಡೆಗಿಡದ ಕುಟುಂಬವೂ ಹೆಚ್ಚುಕಡಿಮೆ ಹಾಗೆಯೇ. ಬರಿಗೈಯಲ್ಲಿ ಬಂದು ಬದುಕಬಲ್ಲವರು ಮೊದಲು ಗುಡಿಸಲು ಹಾಕುತ್ತಾರೆ. ಕಡಲಹಕ್ಕಿ ಬಂದು ಹಿಕ್ಕೆ ಹಾಕುತ್ತದೆ, ಫಾಸ್ಫರಸ್ಸು ಪುಗಸಟ್ಟೆ ಸಿಗುತ್ತದೆ. ಆಗ ಅಣಬೆಯ ಅವಸರ ಇನ್ನೂ ಕಡಿಮೆ.

ನಿಮ್ಮ ತೆಂಗಿನಕಾಯಿ ಸಾಸಿವೆಯಲ್ಲ, ಒಪ್ಪಿದೆ. ಆದರೆ ಅದು ಬುತ್ತಿ ಕಟ್ಟಿಕೊಂಡು ಬಂದಿರುತ್ತದೆ. ಒಳಗಿನ ಕೊಬ್ಬರಿ, ನೀರು ಎಲ್ಲ ಸೇರಿ ಸಸಿಯನ್ನು ತಿಂಗಳುಗಟ್ಟಲೆ ಸಾಕುತ್ತದೆ. ಅಷ್ಟರೊಳಗೆ ಬೇರು ಎಲ್ಲಿಯಾದರೂ ಅಣಬೆಯನ್ನು ಮುಟ್ಟಿದರೆ ಸಾಕು. ಮೆಣಸಿನಕಾಯಿ ಬೀಜಕ್ಕೆ ಆ ಭಾಗ್ಯ ಇಲ್ಲ, ಅದಕ್ಕೇ ನಿಮ್ಮ ಕುಂಡದಲ್ಲಿ ಆರು ವಾರಕ್ಕೇ ಬಣ್ಣ ಬಯಲಾಯಿತು. ನೇರಳೆ ಎಲೆ ಫಾಸ್ಫರಸ್ ಹಸಿವಿನ ಗುರುತು.

ಹಾಗಾದರೆ ದಂಡೆಯ ಮರಳಿನಲ್ಲಿ ಆ ಅಣಬೆ ಎಲ್ಲಿಂದ ಬಂತು? ಇದು ನನಗೆ ತುಂಬ ಇಷ್ಟದ ಭಾಗ. ನಿಮ್ಮ ಕಡೆ ಬೀಚಿನಲ್ಲಿ ಬಂಗಡೆ ಬಳ್ಳಿ ಇರುತ್ತದಲ್ಲ, ನೇರಳೆ ಹೂವಿನದು, ಮರಳಿನ ಮೇಲೆ ಹಬ್ಬುವುದು? ಅದೂ, ಮರಳುಹುಲ್ಲುಗಳೂ ಬೇರಲ್ಲಿ ಅಣಬೆ ಇಟ್ಟುಕೊಂಡಿರುತ್ತವೆ. ಮಳೆಗಾಲದಲ್ಲಿ ಅಲೆ ಹೊಡೆದು ದಂಡೆಯನ್ನೇ ಕಿತ್ತುಕೊಂಡು ಹೋಗುತ್ತದೆ. ಬೇರು, ಗಡ್ಡೆ, ಅದಕ್ಕೆ ಅಂಟಿದ ಮರಳು, ಆ ಮರಳಿನೊಳಗೆ ಸ್ಪೋರು, ಎಲ್ಲ ಒಂದೇ ಗಂಟು. ಕೋಸ್ಕೆ ಮತ್ತು ಜೆಮ್ಮಾ ಅನ್ನುವ ಇಬ್ಬರು ಹವಾಯಿಯ ದಂಡೆಗಿಡಗಳನ್ನು ನೋಡಿ 1990ರಲ್ಲಿ ಇದನ್ನೇ ಬರೆದರು, ಗಿಡವೂ ಅಣಬೆಯೂ ಒಂದೇ ತೆಪ್ಪದಲ್ಲಿ ಸಮುದ್ರ ದಾಟಿರಬೇಕು ಅಂತ. ಹವಾಯಿ ಹತ್ತಿರದ ಖಂಡದಿಂದ 3,700 ಕಿಲೋಮೀಟರ್ ಮೇಲೆ ದೂರ. ಆದರೂ ಅಲ್ಲಿ ಮಾತ್ರ ಬೆಳೆಯುವ ಗಿಡಗಳಲ್ಲೂ ಹೆಚ್ಚಿನವಕ್ಕೆ ಬೇರಿನ ಅಣಬೆ ಇದೆ. ಹಕ್ಕಿಯ ದಾರಿಯೂ ಇದೆ. 2019ರಲ್ಲಿ ಪೋರ್ಚುಗಲ್‌ನವರು ಹಕ್ಕಿ ಹಿಕ್ಕೆಯಲ್ಲಿ ಬೀಜದ ಜೊತೆಗೇ ಜೀವ ಇರುವ ವ್ಯಾಮ್ ಸ್ಪೋರನ್ನೂ ಕಂಡರು. ಹಣ್ಣು ತಿಂದು ಬೀಜ ಹಾಕುವಾಗ ಜೊತೆಗಾರನನ್ನೂ ಹಾಕಿದಂತಾಯಿತು.

ಈಗ ಒಂದು ಪೇಚು. 2015ರಲ್ಲಿ ಲೋಕದ ಎಲ್ಲ ಕಡೆಯಿಂದ ಬೇರು ತಂದು ಡಿಎನ್‌ಎ ನೋಡಿದಾಗ ವ್ಯಾಮ್ ಬಗೆಗಳಲ್ಲಿ 93 ಶೇಕಡಾ ಒಂದಕ್ಕಿಂತ ಜಾಸ್ತಿ ಖಂಡಗಳಲ್ಲಿ ಸಿಕ್ಕವು. ಹಾರಲಾರದ ಜೀವಿ, ಆದರೆ ಎಲ್ಲ ಕಡೆ ಇದೆ! 2018ರಲ್ಲಿ ಅದೇ ಬಳಗ ದ್ವೀಪಗಳನ್ನು ನೋಡಿತು. ದೂರ ಇದ್ದರೂ ಅಣಬೆಯ ಬಗೆಗಳಿಗೆ ಬರ ಇರಲಿಲ್ಲ. ಡೊಂಬಿವಲಿಯವರು ಈಗ ನಗುತ್ತಿರಬಹುದು. ಸ್ವಲ್ಪ ತಡೀರಿ. 2019ರಲ್ಲಿ ಬೇರೆಯವರು ಸುಮಾರು 2 ಲಕ್ಷ ಜಾತಿಯ ಗಿಡಗಳು ಸುಮಾರು 1,100 ಪ್ರದೇಶಗಳಲ್ಲಿ ಎಲ್ಲೆಲ್ಲಿವೆ ಅಂತ ಲೆಕ್ಕ ಹಾಕಿದರು. ದ್ವೀಪಗಳ ಸ್ವಂತ ಗಿಡಗಳಲ್ಲಿ ಅಣಬೆ ಬೇಕಾದವರ ಪಾಲು ಮುಖ್ಯ ಭೂಮಿಗಿಂತ ಕಡಿಮೆ. ದ್ವೀಪ ದೂರ ಆದಷ್ಟೂ ಇನ್ನೂ ಕಡಿಮೆ. ಅದೇ, ಮನುಷ್ಯ ತಂದು ಬಿಟ್ಟ ಗಿಡಗಳಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಅಣಬೆಯವರೇ ಜಾಸ್ತಿ, ಯಾಕಂದರೆ ನಾವು ಗಿಡ ಒಯ್ಯುವುದು ಮಣ್ಣಿನ ಹೆಂಟೆ ಸಮೇತ.

ನಾನು ಇದನ್ನು ಹೀಗೆ ಓದುತ್ತೇನೆ. ಅಣಬೆ ಎಂದಾದರೊಂದು ದಿನ ತಲುಪುತ್ತದೆ, ಲಕ್ಷಾಂತರ ವರ್ಷ ಇದೆಯಲ್ಲ. ಆದರೆ ಒಂದು ಬೀಜ ಬಿದ್ದ ಅದೇ ಜಾಗಕ್ಕೆ, ಅದೇ ತಿಂಗಳಲ್ಲಿ ತಲುಪಬೇಕಲ್ಲ? ಮದುವೆಗೆ ಹೆಣ್ಣೂ ಬಂತು ಗಂಡೂ ಬಂತು, ಆದರೆ ಬೇರೆ ಬೇರೆ ವರ್ಷ. ದ್ವೀಪದಲ್ಲಿ ಗಿಡಗಳು ತಪ್ಪಿಹೋಗುವುದು ಅಲ್ಲಿ.

ಕೊನೆಗೆ ನಿಮ್ಮ ಪರೀಕ್ಷೆ. ಸಾಬೀತಾಗಿಲ್ಲ ತಮ್ಮಾ. ಒಂದು ಮುಷ್ಟಿ ಮಣ್ಣಲ್ಲಿ ಅಣಬೆ ಒಂದೇ ಇದೆಯೇ? ಗೊಬ್ಬರದ ಅಂಶ ಇದೆ, ಬ್ಯಾಕ್ಟೀರಿಯಾ ಇವೆ. ಸಸಿ ಎದ್ದದ್ದು ಯಾರಿಂದ? ಮೂರನೇ ಕುಂಡ ಇಡಬೇಕಿತ್ತು. ಅದೇ ಮಣ್ಣು ಒಂದು ಮುಷ್ಟಿ, ಆದರೆ ಹುರಿದದ್ದು.


ಪೊಂಡಾ ನರ್ಸರಿ:

ಟೀಚರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಎರಡು ಮಾತು. ನಾನು ಶಿರಸಿಯವನು, ಗೋವಾದಲ್ಲಿ ನರ್ಸರಿ ಕೆಲಸ 15 ವರ್ಷ.

ಜೊತೆಗಾರ ಸಿಗದಿದ್ದರೆ ಮರ ಏನಾಗುತ್ತದೆ ಅನ್ನುವುದಕ್ಕೆ ಪೈನ್ ನೋಡಬೇಕು. ವ್ಯಾಮ್ ಗಿಡಗಳು ಅಷ್ಟು ಹಟ ಮಾಡುವುದಿಲ್ಲ, ಯಾವ ಬಗೆ ಸಿಕ್ಕರೂ ಸಂಸಾರ ನಡೆಸುತ್ತವೆ. ಪೈನ್‌ಗೆ ಅದರದ್ದೇ ಬೇಕು. ಕೆರಿಬಿಯನ್ ಕಡಲಿನ ಪೋರ್ಟೊರಿಕೊ ದ್ವೀಪದಲ್ಲಿ ಪೈನ್ ಬೆಳೆಸಲು ಎಷ್ಟು ವರ್ಷ ಒದ್ದಾಡಿದರೂ ಸಸಿ ಹಳದಿಯಾಗಿ ಸಾಯುತ್ತಿತ್ತು. 1950ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪೈನ್ ಕಾಡಿನಿಂದ ಮಣ್ಣು ತರಿಸಿ ಹಾಕಿದರು. ಆಮೇಲೆ ಎದ್ದಿತು. ಅಷ್ಟು ವರ್ಷದ ಗೊಬ್ಬರ, ನೀರು ಎಲ್ಲ ದಂಡ, ಬೇಕಿದ್ದದ್ದು ಬುಟ್ಟಿ ಮಣ್ಣು.

ಅರ್ಜೆಂಟೀನಾದಲ್ಲಿ ನಹುಯೆಲ್ ಹುಆಪಿ ಅನ್ನುವ ಸರೋವರದ ಒಳಗೆ ವಿಕ್ಟೋರಿಯಾ ದ್ವೀಪ ಇದೆ. ಅಲ್ಲಿ ನೂರು ವರ್ಷದ ಹಿಂದೆ ಹೊರಗಿನ ಮರಗಳನ್ನು ರಾಶಿ ರಾಶಿ ನೆಟ್ಟಿದ್ದರು. ಇಷ್ಟೊತ್ತಿಗೆ ಪೈನ್ ಇಡೀ ದ್ವೀಪ ನುಂಗಬೇಕಿತ್ತು. ನುಂಗಿಲ್ಲ. ಯಾಕೆ ಅಂತ ನೋಡಿದವರು 2009ರಲ್ಲಿ ಬರೆದರು. ಬೀಜ ದೂರ ಹೋಗುತ್ತದೆ, ಅಣಬೆ ಪ್ಲಾಂಟೇಶನ್ ಬಿಟ್ಟು ಅಷ್ಟು ಹೋಗುವುದಿಲ್ಲ. ತಮಾಷೆ ಏನೆಂದರೆ ಆಮೇಲೆ ಅಲ್ಲಿಗೆ ಹೊರಗಿನಿಂದ ತಂದ ಜಿಂಕೆ, ಹಂದಿಗಳು ಅಣಬೆ ತಿಂದು ಹಿಕ್ಕೆಯಲ್ಲಿ ಹರಡುತ್ತಿವೆ ಅಂತಲೂ ಗೊತ್ತಾಯಿತು. ಹೊರಗಿನ ಮರ, ಹೊರಗಿನ ಅಣಬೆ, ಅದನ್ನು ಹೊರುವ ಹಂದಿಯೂ ಹೊರಗಿನದು. ಸ್ಥಳೀಯರು ಸುಮ್ಮನೆ ನೋಡುತ್ತಾ ಕೂತಿದ್ದಾರೆ. (ಗೋವಾದವರಿಗೆ ಈ ಕತೆ ಬೇರೆ ಅರ್ಥದಲ್ಲೂ ಹಿಡಿಸಬಹುದು, ನಾನೂ ಹೊರಗಿನವನೇ, ಬೈಯಬೇಡಿ.)

ಮಣ್ಣಿನ ಬುಟ್ಟಿ ವಿದ್ಯೆ ನಮ್ಮ ಹಳಬರಿಗೂ ಗೊತ್ತಿತ್ತು. ಬೀಚಿನ ಗಾಳಿಮರ, ಇಲ್ಲಿಯವರು ಸುರು ಅನ್ನುತ್ತಾರೆ, ಅದರ ಸಸಿ ಮಾಡುವಾಗ ಹಳೇ ಮರದ ಬುಡದ ಮಣ್ಣು ಒಂದು ಬುಟ್ಟಿ ಬೆರೆಸುತ್ತಿದ್ದರು. ಗಾಳಿಮರಕ್ಕೆ ಅಣಬೆ ಅಲ್ಲದೆ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿಯುವ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾವೂ ಬೇಕು. ಮೊದಲ ವರ್ಷ ನಾನು ಶುದ್ಧವಾಗಿರಲಿ ಅಂತ ಬರೀ ಕೊಕೊಪೀಟ್‌ನಲ್ಲಿ 400 ಸಸಿ ಮಾಡಿದೆ. ಎಲ್ಲ ಹಳದಿ. ಕೆಲಸದ ಅಜ್ಜ ಒಬ್ಬ ಗೋಣಿಚೀಲದಲ್ಲಿ ಮಣ್ಣು ತಂದು ಸುರಿದು ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಗೋವಾದ ಮರಳುದಿಬ್ಬದ ಗಿಡಗಳ ಬೇರಿನ ಅಣಬೆಯ ಮೇಲೆ ತಾಳೆಗಾಂವ್‌ನ ಗೋವಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ತುಂಬ ಕೆಲಸ ಮಾಡಿದ್ದಾರೆ. ಬಂಗಡೆ ಬಳ್ಳಿಯ ಮಾತು ಬಂದದ್ದಕ್ಕೆ ನೆನಪಾಯಿತು.


ಡೊಂಬಿವಲಿ ಬಾಲ್ಕನಿ:

ಸರಿ, ಸೋತೆ. ಬೂಷ್ಟಿನ ಮಾತು ವಾಪಸ್. ಆದರೆ 93 ಶೇಕಡಾ ನನ್ನ ಕಡೆ ಬರೆದುಕೊಳ್ಳಿ.

ಪೊಂಡಾದವರೆ, ಮಳೆಗಾಲದಲ್ಲಿ ನಿಮ್ಮಲ್ಲಿ ರಸ್ತೆ ಬದಿ ಎಲೆಯಲ್ಲಿ ಕಟ್ಟಿ ಮಾರುವ ಓಳ್ಮಿ ಇದೇ ಜಾತಿಯಾ? ಹೋದ ವರ್ಷ ರೇಟು ಕೇಳಿ ಗಾಬರಿಯಾಗಿ ಓಡಿಬಂದೆ.


ಪೊಂಡಾ ನರ್ಸರಿ:

ಅಲ್ಲ. ಅದು ಹುತ್ತದ ಅಣಬೆ, ಗೆದ್ದಲು ಸಾಕುವುದು. ಗಿಡದ ಬೇರಿಗೂ ಅದಕ್ಕೂ ಸಂಬಂಧ ಇಲ್ಲ. ರೇಟಿಗೆ ನಾವು ಜವಾಬ್ದಾರರಲ್ಲ.


ಟಗ್ಗಿನವ, ವಾಸ್ಕೊ:

ಟೀಚರ್, ನಿಮ್ಮ ಉತ್ತರವನ್ನು ಎರಡು ಸಲ ಓದಿದೆ. ಒಂದು ಸಲ ಮನೆಯಲ್ಲಿ, ಒಂದು ಸಲ ಟಗ್ಗಿನಲ್ಲಿ ನಮ್ಮ ಸಾರಂಗನಿಗೆ, ಅಂದರೆ ನಮ್ಮ ಆಳುಗಳ ಮುಖ್ಯಸ್ಥರಿಗೆ, ಗಟ್ಟಿಯಾಗಿ. ಬೇರೆ ಬೇರೆ ವರ್ಷ ಬಂದ ಹೆಣ್ಣು ಗಂಡಿಗೆ ಅವರು ತುಂಬ ಹೊತ್ತು ನಕ್ಕರು.

ಅಣಬೆಯ ಮಾತಿಗೆ ಒಂದು ಕೇಳುತ್ತೇನೆ. ನಮ್ಮ ಕಾರ್ಕಳದ ಕಡೆ ಕಲ್ಲಣಬೆ ಅಂತ ಉಂಟು. ತುಳುವಿನಲ್ಲಿ ಕಲ್ಲಲಾಂಬು. ಮೊದಲ ಮಳೆ ಬಿದ್ದ ಮೇಲೆ ನೆಲ ಕೆರೆದರೆ ಗೋಲಿಯ ಹಾಗೆ ಸಿಗುತ್ತದೆ. ಹೊರಗೆ ಗಟ್ಟಿ, ಒಳಗೆ ಬಿಳಿ. ಒಳಗೆ ಕಪ್ಪಾದರೆ ಬಿಸಾಡಬೇಕು. ಅಮ್ಮ ಮಣ್ಣು ಹೋಗುವ ತನಕ ತಿಕ್ಕಿ ತಿಕ್ಕಿ ತೊಳೆದು ಸುಕ್ಕ ಮಾಡುತ್ತಿದ್ದರು. ಅಮ್ಮ ಯಾವಾಗಲೂ ಹೋಗುತ್ತಿದ್ದದ್ದು ಕಿರಾಲುಬೋಗಿ ಮರದ ಬುಡಕ್ಕೆ. ಬೇರೆ ಕಡೆ ಹುಡುಕಿ ಪ್ರಯೋಜನ ಇಲ್ಲ ಅನ್ನುತ್ತಿದ್ದರು. ಅದು ಬೇರಿನ ಅಣಬೆಯಾ?

ಇನ್ನೊಂದು, ಇದಕ್ಕೆ ಸಂಬಂಧ ಇಲ್ಲದ್ದು. ಅಪ್ಪನ ಊರು ಮಲ್ಪೆಯ ಎದುರು ಸೇಂಟ್ ಮೇರಿಸ್ ದ್ವೀಪ ಉಂಟಲ್ಲ, ತೆಂಗಿನಮರದ್ದು. ಸಣ್ಣವನಿದ್ದಾಗ ಅಪ್ಪನ ದೋಣಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿಯ ತೆಂಗಿಗೂ ಇದೇ ಕತೆಯಾ?


ಕೊತ್ರೂಡ್ ಟೀಚರ್, ಪುಣೆ:

ತಮ್ಮಾ, ಸಂಬಂಧ ಇಲ್ಲ ಅಂದಿರಿ. ನನಗೆ ಕೂತಲ್ಲಿ ಮೈ ಜುಮ್ಮೆಂದಿತು.

ಸೇಂಟ್ ಮೇರಿಸ್‌ನ ತೆಂಗಿನದ್ದು ದೊಡ್ಡ ಕತೆಯಲ್ಲ. ದಂಡೆ ಕಣ್ಣಳತೆಯಲ್ಲೇ ಇದೆ, ಜನ ಹೋಗಿ ಬಂದು ಮಾಡುತ್ತಾರೆ, ಮಣ್ಣು ಕಾಲಿಗೆ ಅಂಟಿಯೇ ಹೋಗುತ್ತದೆ. ದೊಡ್ಡ ಕತೆ ಅಲ್ಲಿಯ ಕಲ್ಲಿನದ್ದು. ಆ ಕಂಬ ಕಂಬದ ಕಲ್ಲು ನೋಡಿದ್ದೀರಲ್ಲ? ಅದು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಭಾರತ ಮತ್ತು ಮಡಗಾಸ್ಕರ್ ಆ ಹೊತ್ತಿಗೆ ಒಂದರಿಂದ ಒಂದು ಹರಿದು ಬೇರೆಯಾದವು. ಹರಿದ ಗಾಯದಿಂದ ಉಕ್ಕಿದ್ದು ನಿಮ್ಮಪ್ಪ ದೋಣಿ ಕಟ್ಟುತ್ತಿದ್ದ ಆ ಕಲ್ಲು.

ಈಗ ಕಲ್ಲಣಬೆ. ಹೌದು, ಅದು ಬೇರಿನ ಅಣಬೆಯೇ, ಕಾಲುಚೀಲ ಹಾಕುವ ಮನೆತನದ್ದು. ನಿಮ್ಮ ಅಮ್ಮನ ಮಾತು ಸರಿ, ಮರ ಬಿಟ್ಟು ಹುಡುಕಿ ಪ್ರಯೋಜನ ಇಲ್ಲ. ಕಿರಾಲುಬೋಗಿ, ಹೈಗ, ಧೂಪದ ಮರ, ಇವೆಲ್ಲ ಒಂದೇ ಕುಟುಂಬ. ಮಲೇಷ್ಯಾ, ಬೋರ್ನಿಯೊ ಕಾಡಿನ ದೈತ್ಯ ಮರಗಳೂ ಅದೇ ಕುಟುಂಬ. ಇವುಗಳಿಗೆ ಹತ್ತಿರದ ನೆಂಟ ಗಿಡಗಳ ಗುಂಪೊಂದಿದೆ, ಅದು ಮಡಗಾಸ್ಕರ್ ಬಿಟ್ಟು ಬೇರೆಲ್ಲೂ ಇಲ್ಲ. ಅವುಗಳ ಬೇರಲ್ಲೂ ಕಾಲುಚೀಲದ ಅಣಬೆ ಇದೆ. 2004ರಲ್ಲಿ ಇದನ್ನು ಕಂಡವರ ವಾದ ಹೀಗಿತ್ತು. ಇಬ್ಬರಿಗೂ ಒಂದೇ ಅಭ್ಯಾಸ ಇದೆ ಅಂದರೆ, ಇಬ್ಬರ ಮುತ್ತಜ್ಜನಿಗೂ ಆ ಅಭ್ಯಾಸ ಇತ್ತು. ಅಂದರೆ ಭಾರತ, ಮಡಗಾಸ್ಕರ್ ಬೇರೆಯಾಗುವ ಮೊದಲೇ, 8.8 ಕೋಟಿ ವರ್ಷದ ಹಿಂದೆಯೇ. ಆಮೇಲೆ ಭಾರತ ಕೋಟಿಗಟ್ಟಲೆ ವರ್ಷ ನಡುಗಡಲಿನಲ್ಲಿ ಒಂಟಿಯಾಗಿ ತೇಲಿ ಏಷ್ಯಾಕ್ಕೆ ಬಂದು ಗುದ್ದಿತು. ನಿಮ್ಮ ಟಗ್ಗು ಹಡಗನ್ನು ಜೆಟ್ಟಿಗೆ ತಂದ ಹಾಗೆ ನಿಧಾನಕ್ಕಲ್ಲ, ಹಿಮಾಲಯ ಏಳುವ ಹಾಗೆ. ಮರಗಳು ಇಳಿದು ಪೂರ್ವಕ್ಕೆ ಹಬ್ಬಿದವು.

ಎರಡು ಎಚ್ಚರಿಕೆ ಇಟ್ಟುಕೊಳ್ಳಿ. ಈ ಮರಗಳ ತವರು ಆಫ್ರಿಕಾ, ಅಲ್ಲಿಂದ ಭಾರತಕ್ಕೆ ಬಂದವು ಅಂತ ಹಳೆಯ ಪರಾಗ ನೋಡಿದವರು 2022ರಲ್ಲಿ ಬರೆದಿದ್ದಾರೆ. ತೆಪ್ಪ ಹತ್ತಿದ ಜಾಗ ಬದಲಾದೀತು, ತೆಪ್ಪ ಭಾರತವೇ. ಇನ್ನೊಂದು, ಹಳೆಯದು ಆ ಕೂಡಿ ಬಾಳುವ ಅಭ್ಯಾಸ. ನಿಮ್ಮ ಅಮ್ಮ ಸುಕ್ಕ ಮಾಡಿದ ಕಲ್ಲಣಬೆಯೇ ಆ ತೆಪ್ಪದಲ್ಲಿ ಇತ್ತು ಅಂತ ನಾನು ಹೇಳುತ್ತಿಲ್ಲ.

ನೀವು ಕೇಳಿದ್ದು ದೂರದ ದ್ವೀಪಕ್ಕೆ ಅಣಬೆ ಹೇಗೆ ಹೋಗುತ್ತದೆ ಅಂತ. ನಮ್ಮದು ಅಣಬೆಯನ್ನೂ ಮರವನ್ನೂ ಹೊತ್ತುಕೊಂಡು ತಾನೇ ಹೊರಟ ದ್ವೀಪ.


ಟಗ್ಗಿನವ, ವಾಸ್ಕೊ:

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ ಟೀಚರ್. 8.8 ಕೋಟಿ ಅಂದದ್ದಕ್ಕೆ "ಹೌದಾ" ಅಂದರು. ಆಮೇಲೆ "ಈ ಸಲ ಮಳೆ ಲೇಟು, ಲಾಂಬು ಇನ್ನೂ ಬರಲಿಲ್ಲ, ಬಂದರೆ ಬಸ್ಸಿನಲ್ಲಿ ಕಳಿಸುತ್ತೇನೆ" ಅಂದರು. ಆ ಬೋಗಿ ಮರ ಇನ್ನೂ ಉಂಟಂತೆ. ಪಕ್ಕದ ಎರಡು ಕಡಿದಿದ್ದಾರೆ.

ಮೂರನೇ ಕುಂಡ ನಿನ್ನೆ ಇಟ್ಟೆ. ತೆಂಗಿನ ಬುಡದ ಮಣ್ಣು ಒಂದು ಮುಷ್ಟಿ, ಚೆನ್ನಾಗಿ ಹುರಿದದ್ದು. ಹಳೇ ಎರಡು ಕುಂಡಗಳ ಜೊತೆ ಹೋಲಿಸಲು ಈಗ ಸಮ ಆಗುವುದಿಲ್ಲ ಅಂತ ಮಗಳು ಹೇಳಿದಳು, ಹಾಗಾಗಿ ಮೂರನ್ನೂ ಹೊಸದಾಗಿ ಶುರು ಮಾಡಿದ್ದೇನೆ. ಪೊಂಡಾದವರೆ, ಆ ಕಡೆ ಬಂದಾಗ ಒಂದು ಹಳೇ ಬಾಣಲೆ ಎಲ್ಲಾದರೂ ಕಡಿಮೆಗೆ ಸಿಗುತ್ತದಾ ನೋಡಿ. ನಮ್ಮದನ್ನು ಮನೆಯವಳು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನಿನ್ನೆ ಹುರಿದದ್ದು ಚಹಾದ ಪಾತ್ರೆಯಲ್ಲಿ, ಅದು ಇನ್ನೂ ಗೊತ್ತಾಗಿಲ್ಲ.